ಪೆಡಲ್ ಒತ್ತಿದರೆ ಮುಗ್ಗರಿಸುವ ಇಂಜಿನ್: ಎನ್‌ರಿಚ್‌ಮೆಂಟ್ ದೋಷ ಹುಡುಕುವ ಕ್ರಮ

ಕ್ಯಾಮ್ ಬದಲಿಸಿ, ದೊಡ್ಡ ಇಂಜೆಕ್ಟರ್ ಕೂರಿಸಿ, ಕಂಪನಿಯ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆಗೆದು, ನಾವೇ ಟ್ಯೂನ್ ಮಾಡಬಹುದಾದ ಸ್ಪೀಡುಯಿನೊ ಅಥವಾ ಮೆಗಾಸ್ಕ್ವಿರ್ಟ್ ಹಾಕಿದ ಗಾಡಿಗಳ ದೂರು ಬಹುಪಾಲು ಒಂದೇ ಧಾಟಿಯದು. ಒಂದೇ ವೇಗದಲ್ಲಿ ಹೋದರೆ ತಕರಾರಿಲ್ಲ. ಪೆಡಲ್ ಒತ್ತಿದೊಡನೆ ಇಂಜಿನ್ ಅರೆಗಳಿಗೆ ಸತ್ತು, ಆಮೇಲೆ ಎಳೆಯುತ್ತದೆ. ಇಲ್ಲವೇ ಏರ್ ಫಿಲ್ಟರ್ ಕಡೆಯಿಂದ ‘ಪಟ್’ ಎಂದು ಸಿಡಿಯುತ್ತದೆ. ಕೂಡಲೇ ಲ್ಯಾಪ್‌ಟಾಪ್ ತೆರೆದು ಆಕ್ಸೆಲರೇಷನ್ ಎನ್‌ರಿಚ್‌ಮೆಂಟ್, ಅಂದರೆ ಪೆಡಲ್ ಒತ್ತಿದಾಗ ಕೊಡುವ ಹೆಚ್ಚುವರಿ ಪೆಟ್ರೋಲ್, ಏರಿಸುವುದು ರೂಢಿ. ಎಷ್ಟೋ ಸಲ ತಪ್ಪು ಅಲ್ಲಿ ಇರುವುದೇ ಇಲ್ಲ. ಅದು ಅಲ್ಲಿದೆಯೋ ಇಲ್ಲವೋ ಎಂದು ಹೇಳುವುದು ಇಸಿಯು ಬರೆದಿಡುವ ದಾಖಲೆಯ, ಅಂದರೆ ಲಾಗ್‌ನ, ಕಾಲರೇಖೆ: ಪೆಡಲ್ ಒತ್ತಿದ ಗಳಿಗೆಯಿಂದ ಎಷ್ಟು ಮಿಲಿಸೆಕೆಂಡಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಕೆಟ್ಟಿತು ಎಂಬುದು.

ಇಲ್ಲಿನ ಲೆಕ್ಕಗಳೆಲ್ಲ ಮಾರುತಿ ಎಸ್ಟೀಮ್ ಮತ್ತು ಜಿಪ್ಸಿಯಲ್ಲಿ ಬಂದ 1298 ಸಿಸಿಯ, 16 ವಾಲ್ವ್‌ಗಳ ಜಿ13ಬಿಬಿ ಇಂಜಿನ್‌ನವು; ನಿಮಿಷಕ್ಕೆ 240 ಸಿಸಿ ಸುರಿಯುವ ನಾಲ್ಕು ಇಂಜೆಕ್ಟರ್, ಸೈಲೆನ್ಸರ್ ಪೈಪಿನಲ್ಲಿ ಮಿಶ್ರಣ ಅಳೆಯುವ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್ ಇದೆ ಎಂದಿಟ್ಟುಕೊಳ್ಳಿ. ಬೇರೆ ಇಂಜಿನ್ ಆದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಒಂದು ಮಾತು ಮೊದಲೇ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ವಿವರಕ್ಕೆ ಹೊಂದದ ಬದಲಾವಣೆ ಮಾಡಿದ ಗಾಡಿ ಸಾರ್ವಜನಿಕ ರಸ್ತೆಗೆ ಸಲ್ಲುವುದಿಲ್ಲ. ಪರೀಕ್ಷೆ ಟ್ರ್ಯಾಕ್‌ನಲ್ಲೋ ಮುಚ್ಚಿದ ಜಾಗದಲ್ಲೋ ಆಗಲಿ. ಓಡಿಸುವವರು ಒಬ್ಬರು, ಲ್ಯಾಪ್‌ಟಾಪ್ ನೋಡುವವರು ಇನ್ನೊಬ್ಬರು.

ಹೆಚ್ಚುವರಿ ಪೆಟ್ರೋಲ್ ಯಾಕೆ ಬೇಕು

ಇಂಜೆಕ್ಟರ್ ಚಿಮ್ಮಿಸಿದ ಪೆಟ್ರೋಲ್ ಪೂರಾ ಸಿಲಿಂಡರಿಗೆ ಹೋಗುವುದಿಲ್ಲ. ಒಂದು ಪಾಲು ಇನ್‌ಟೇಕ್ ಪೋರ್ಟಿನ ಗೋಡೆಗೂ ವಾಲ್ವಿನ ಬೆನ್ನಿಗೂ ಅಂಟಿ ತೆಳುಪದರವಾಗಿ ನಿಲ್ಲುತ್ತದೆ. ಥ್ರಾಟಲ್ (ಪೆಡಲ್ ತೆರೆಯುವ ಗಾಳಿಬಾಗಿಲು) ಮುಚ್ಚಿದ್ದಾಗ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ) ಒತ್ತಡ ಕಡಿಮೆ, ಪೆಟ್ರೋಲ್ ಬೇಗ ಆವಿಯಾಗುತ್ತದೆ, ಪದರ ತೆಳ್ಳಗಿರುತ್ತದೆ. ಥ್ರಾಟಲ್ ತೆರೆದಾಗ ಒತ್ತಡ ಏರಿ, ಆವಿಯಾಗುವುದು ತಗ್ಗಿ, ಪದರ ದಪ್ಪವಾಗತೊಡಗುತ್ತದೆ. ಆ ದಪ್ಪಕ್ಕೆ ಬೇಕಾದ ಪೆಟ್ರೋಲನ್ನು ಗೋಡೆ ಇಂಜಿನ್ನಿನ ಬಾಯಿಂದಲೇ ಕಸಿಯುತ್ತದೆ. ಈ ಸಾಲ ತೀರುವವರೆಗೆ ಮಾತ್ರ ಹೆಚ್ಚುವರಿ ಪೆಟ್ರೋಲ್ ಬೇಕು. ಇಂಜಿನ್ ತಣ್ಣಗಿದ್ದಷ್ಟೂ ಸಾಲ ದೊಡ್ಡದು. ಇದಕ್ಕೆ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ವಿಳಂಬ ಸೇರಿಕೊಂಡರೆ ಎರಡು ಬೇರೆ ಬೇರೆ ರೋಗ ಒಂದೇ ಲಕ್ಷಣ ತೋರಿಸುತ್ತವೆ.

ಸೆಟ್ಟಿಂಗ್ ಮುಟ್ಟುವ ಮೊದಲು ಸ್ಪ್ಯಾನರ್ ಹಿಡಿಯಿರಿ

ಥರ್ಮೋಸ್ಟಾಟ್ ಇದೆಯೇ ನೋಡಿ. ‘ನಮ್ಮ ಸೆಖೆಗೆ ಅದ್ಯಾಕೆ’ ಎಂದು ಕಿತ್ತು ಹಾಕಿದ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಹೈವೇಯಲ್ಲಿ 60-65 ಡಿಗ್ರಿಗೇ ನಿಂತುಬಿಡಬಹುದು. ಆಗ ಇಂಜಿನ್ ಬಿಸಿಯಾಗುವವರೆಗೆ ಕೊಡುವ ಹೆಚ್ಚುವರಿ ಪೆಟ್ರೋಲ್, ಅಂದರೆ ವಾರ್ಮಪ್ ಎನ್‌ರಿಚ್‌ಮೆಂಟ್, 105 ಅಥವಾ 108 ಪ್ರತಿಶತದಲ್ಲೇ ಸಿಕ್ಕಿಬೀಳುತ್ತದೆ, ತಣ್ಣನೆ ಇಂಜಿನ್ನಿಗೆಂದು ಇಟ್ಟ ಆಕ್ಸೆಲ್ ಗುಣಕವೂ ಆಫ್ ಆಗುವುದಿಲ್ಲ. ಆ ಸ್ಥಿತಿಯಲ್ಲಿ ಟ್ಯೂನ್ ಮಾಡಿದ ವಿಇ ಟೇಬಲ್ (ಯಾವ ಆರ್‌ಪಿಎಂ, ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್ ಎಂದು ಇಸಿಯು ಲೆಕ್ಕ ಹಾಕುವ ಚೌಕಗಳ ಪಟ್ಟಿ) ಪೂರ್ತಿ ಸುಳ್ಳು. ಕಂಪನಿ ವಿವರದ ಥರ್ಮೋಸ್ಟಾಟ್ ಹಾಕದೆ ಮುಂದಿನ ಸಾಲು ಓದುವುದೇ ದಂಡ.

ನೀರಿನ ಬಿಸಿ ಅಳೆಯುವ ಸೆನ್ಸರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಬಾಷ್ ಮಾದರಿಯದು 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80ರಲ್ಲಿ ಸುಮಾರು 320, 100ರಲ್ಲಿ ಸುಮಾರು 187 ತೋರಿಸಬೇಕು. ಜಿಎಂ ಮಾದರಿಯದು 30 ಡಿಗ್ರಿಯಲ್ಲಿ ಸುಮಾರು 2240, 99ರಲ್ಲಿ ಸುಮಾರು 177. ಸೆನ್ಸರ್ ಒಂದು ಜಾತಿ, ಇಸಿಯುಗೆ ಕೊಟ್ಟ ಕ್ಯಾಲಿಬ್ರೇಷನ್ ಇನ್ನೊಂದು ಜಾತಿ ಆಗಿರುವುದು ಅಪರೂಪವೇನಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಗ್ಗೆ ಕೀ ಆನ್ ಮಾಡಿದಾಗ ನೀರಿನ ಬಿಸಿಯೂ ಗಾಳಿಯ ಬಿಸಿಯೂ ಒಂದೆರಡು ಡಿಗ್ರಿ ಅಂತರದೊಳಗೆ ಒಂದೇ ತೋರಿಸಬೇಕು. ತೋರಿಸದಿದ್ದರೆ ಎರಡರಲ್ಲೊಂದು ಸುಳ್ಳಾಡುತ್ತಿದೆ.

ಪೆಟ್ರೋಲ್ ಒತ್ತಡಕ್ಕೆ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲಿನಲ್ಲಿ ‘ಟಿ’ ಆಕಾರದ ಜೋಡಣೆ ಹಾಕಿ ಗೇಜ್ ಕೂರಿಸಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತಾಗ 3 ಬಾರ್ ಇದ್ದದ್ದು, ಹೋಸ್ ಹಾಕಿ ಐಡ್ಲಿಂಗ್‌ನಲ್ಲಿ ಬಿಟ್ಟಾಗ ಇಳಿಯಬೇಕು. ಬೆಂಗಳೂರಿನಲ್ಲಿ ಹೊರಗಿನ ಒತ್ತಡ ಸುಮಾರು 91 ಕಿಲೋಪಾಸ್ಕಲ್; ಐಡ್ಲಿಂಗ್‌ನ ಮ್ಯಾಪ್ 35 ಇದ್ದರೆ ಗೇಜ್ 2.4 ಬಾರ್ ಆಸುಪಾಸು ನಿಲ್ಲಬೇಕು. ಇಳಿಯದಿದ್ದರೆ ಹೋಸ್ ಒಡೆದಿದೆ ಅಥವಾ ತಪ್ಪು ಜಾಗಕ್ಕೆ ಸೇರಿದೆ. ಕಿತ್ತ ಹೋಸಿನಿಂದ ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿದೆ, ಇಂಜಿನ್ ಆ ಹೋಸಿನ ಮೂಲಕವೂ ಪೆಟ್ರೋಲ್ ಕುಡಿಯುತ್ತಿದೆ. ಪೆಡಲ್ ಝಾಡಿಸಿ ಒತ್ತಿದಾಗ ಗೇಜ್ ಮ್ಯಾಪ್‌ನ ಜೊತೆಯಲ್ಲೇ ಏರಬೇಕು. ಏರುವ ಬದಲು ಕುಸಿದರೆ ಫಿಲ್ಟರ್, ಪಂಪು, ಪಂಪಿನ ವೈರಿಂಗ್ ನೋಡಿ. ಎನ್‌ರಿಚ್‌ಮೆಂಟ್ ಏರಿಸಿ ಇದನ್ನು ಮುಚ್ಚಲಾಗದು.

ಇಂಜೆಕ್ಟರಿನ ಡೆಡ್ ಟೈಮ್ (ಕರೆಂಟ್ ಬಂದ ಮೇಲೆ ಅದು ತೆರೆಯಲು ಹಿಡಿಯುವ ಹೊತ್ತು) ಪರೀಕ್ಷೆ ಸುಲಭ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್, ಬ್ಲೋವರ್, ರೇಡಿಯೇಟರ್ ಫ್ಯಾನ್ ಒಟ್ಟಿಗೆ ಆನ್ ಮಾಡಿ. ವೋಲ್ಟೇಜ್ ಬಿದ್ದಂತೆ ಲ್ಯಾಂಬ್ಡಾ (ವೈಡ್‌ಬ್ಯಾಂಡ್ ತೋರಿಸುವ ಮಿಶ್ರಣದ ಅಂಕಿ: 1.00 ಸಮತೂಕ, ಮೇಲಿದ್ದರೆ ಪೆಟ್ರೋಲ್ ಕಡಿಮೆಯಾದ ‘ಲೀನ್’, ಕೆಳಗಿದ್ದರೆ ಹೆಚ್ಚಾದ ‘ರಿಚ್’) 0.05ಕ್ಕಿಂತ ಹೆಚ್ಚು ಸರಿದರೆ ವೋಲ್ಟೇಜ್ ತಿದ್ದುಪಡಿ ತಪ್ಪಿದೆ. ಲೀನ್ ಕಡೆ ಸರಿದರೆ ಕಡಿಮೆ ವೋಲ್ಟೇಜಿನ ಡೆಡ್ ಟೈಮ್ ಹೆಚ್ಚಿಸಿ, ರಿಚ್ ಕಡೆ ಸರಿದರೆ ತಗ್ಗಿಸಿ. ಸೆಕೆಂಡ್‌ಹ್ಯಾಂಡ್ ಇಂಜೆಕ್ಟರ್ ತಂದು, ಡೆಡ್ ಟೈಮ್ ಡೀಫಾಲ್ಟಿನಲ್ಲೇ ಬಿಟ್ಟ ಗಾಡಿಯಲ್ಲಿ ಸಂಜೆ ಹೆಡ್‌ಲೈಟ್ ಹಾಕಿದ ಮೇಲೆ ಮಾತ್ರ ಮುಗ್ಗರಿಸುವ ಕಾಯಿಲೆ ಬರುವುದು ಹೀಗೆ.

ಮ್ಯಾಪ್ ಸೆನ್ಸರಿನ ಹೋಸ್ ಪ್ಲೀನಮ್ಮಿನಿಂದ (ಮ್ಯಾನಿಫೋಲ್ಡಿನ ಗಾಳಿಡಬ್ಬಿಯಿಂದ) ನೇರ ಬರಬೇಕು, ಗಿಡ್ಡ ಇರಬೇಕು, ಬ್ರೇಕ್ ಬೂಸ್ಟರಿನ ಜೊತೆ ಹಂಚಿಕೊಂಡಿರಬಾರದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಬಂದು ವೈಡ್‌ಬ್ಯಾಂಡ್ ಲೀನ್ ಎನ್ನುತ್ತದೆ. ಪ್ಲಗ್ ಮಿಸ್ ಹೊಡೆದರೂ ಲೀನ್ ಎಂದೇ ತೋರಿಸುತ್ತದೆ, ಯಾಕೆಂದರೆ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು. ಉರಿಯದ ಮಿಶ್ರಣದ ಆಮ್ಲಜನಕ ಹಾಗೇ ಹೊರಬರುತ್ತದೆ. ಅತಿ ರಿಚ್ ಆಗಿ ಪ್ಲಗ್ ನೆನೆದು ಮಿಸ್ ಹೊಡೆಯುವ ಇಂಜಿನ್ನಿಗೆ, ಗೇಜ್ ಲೀನ್ ಎನ್ನುತ್ತಿದೆಯೆಂದು ಇನ್ನೂ ಪೆಟ್ರೋಲ್ ಸುರಿಯುವುದು ಈ ಕೆಲಸದ ಅತಿ ಹಳೆಯ ಬಲೆ. ಪ್ಲಗ್ ಬಿಚ್ಚಿ ನೋಡಿ. ಕಪ್ಪು ಮಸಿ ಹಿಡಿದಿದ್ದರೆ ಗೇಜ್ ಮಾತು ಕೇಳಬೇಡಿ.

ಬುನಾದಿ ಲೆಕ್ಕ

ಒಂದು ಸಿಲಿಂಡರ್ 324.5 ಸಿಸಿ. 20 ಡಿಗ್ರಿ, ಸಮುದ್ರಮಟ್ಟದ ಗಾಳಿ ಲೀಟರಿಗೆ 1.2 ಗ್ರಾಂ, ಅಂದರೆ 0.389 ಗ್ರಾಂ ಗಾಳಿ. ಒಂದು ಗ್ರಾಂ ಅಪ್ಪಟ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು; ಅದರಿಂದ ಭಾಗಿಸಿದರೆ 0.0265 ಗ್ರಾಂ ಪೆಟ್ರೋಲ್. 240 ಸಿಸಿಯ ಇಂಜೆಕ್ಟರ್ ಸೆಕೆಂಡಿಗೆ ಸುಮಾರು 2.9 ಗ್ರಾಂ ಸುರಿಯುತ್ತದೆ. ಹಾಗಾಗಿ ಇಂಜೆಕ್ಟರ್ ತೆರೆದಿರಬೇಕಾದ ಸಮಯ ಸುಮಾರು 9.1 ಮಿಲಿಸೆಕೆಂಡ್. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಸಮತೂಕದ ಅನುಪಾತ 13.5ರ ಸುತ್ತ, ಸಮಯ ಸುಮಾರು 9.9 ಮಿಲಿಸೆಕೆಂಡ್. ಹಳೆ ಪೆಟ್ರೋಲಿನ ಕಾಲದಲ್ಲಿ ಮಾಡಿದ ವಿಇ ಟೇಬಲ್ ಹಾಗೇ ಉಳಿದಿದ್ದರೆ ಅದು ಇಡಿಯಾಗಿ ಎಂಟೊಂಬತ್ತು ಪ್ರತಿಶತ ಲೀನ್. ಒಂದೇ ವೇಗದಲ್ಲಿ ಇಂಜಿನ್ ಅದನ್ನು ಸಹಿಸಿಕೊಳ್ಳುತ್ತದೆ, ಪೆಡಲ್ ಒತ್ತಿದಾಗ ಸಹಿಸುವುದಿಲ್ಲ. ಗೇಜನ್ನು ಅನುಪಾತದಲ್ಲಿ ಓದುವುದು ಬಿಟ್ಟು ಲ್ಯಾಂಬ್ಡಾದಲ್ಲಿ ಓದಿದರೆ ಈ ಗೊಂದಲ ಇರುವುದಿಲ್ಲ. ಎಥನಾಲ್ ಎಷ್ಟೇ ಇರಲಿ 1.00 ಎಂದರೆ 1.00.

ಇಂಜಿನ್ 80 ಡಿಗ್ರಿ ದಾಟಿದ ಮೇಲೆ, ವಾರ್ಮಪ್ 100 ಪ್ರತಿಶತಕ್ಕೆ ಇಳಿದಿದೆ ಎಂದು ಪರದೆಯ ಮೇಲೆ ಕಣ್ಣಾರೆ ನೋಡಿ, ವಿಇ ಟೇಬಲನ್ನು ಮೊದಲು ಸರಿಮಾಡಿ. ದೊಡ್ಡ ಕ್ಯಾಮ್ ಹಾಕಿದ ಇಂಜಿನ್ ಐಡ್ಲಿಂಗ್‌ನಲ್ಲಿ 0.90ರ ಆಸುಪಾಸು ಕೇಳಬಹುದು, ಕೊಡಿ, ಅಲ್ಲಿ 1.00ಕ್ಕೆ ಹಟ ಹಿಡಿದರೆ ಮುಗ್ಗರಿಸುವಿಕೆ ಬೇಡವೆಂದರೂ ಬರುತ್ತದೆ. ಪೆಡಲ್ ಒತ್ತಿದಾಗ ಇಂಜಿನ್ ಹೋಗಿ ಸೇರುವ ಚೌಕಗಳು, ಅಂದರೆ 1500ರಿಂದ 3000 ಆರ್‌ಪಿಎಂ, 60ರಿಂದ 90 ಕಿಲೋಪಾಸ್ಕಲ್, ಸರಿಯಾಗಿರಲೇಬೇಕು. ಅವು ಲೀನ್ ಇದ್ದರೆ ಯಾವ ಆಕ್ಸೆಲ್ ಸೆಟ್ಟಿಂಗೂ ನಿಲ್ಲುವುದಿಲ್ಲ.

ಲಾಗ್ ತೆಗೆಯುವ ಬಗೆ

ಲ್ಯಾಂಬ್ಡಾ ನೋಡಿ ತಾನೇ ತಿದ್ದಿಕೊಳ್ಳುವ ಕ್ಲೋಸ್ಡ್ ಲೂಪ್ ಆಫ್ ಮಾಡಿ. ಪೆಡಲ್ ಬಿಟ್ಟಾಗ ಪೆಟ್ರೋಲ್ ನಿಲ್ಲಿಸುವ ಕಟ್ ಕೂಡ ಆಫ್ ಆಗಲಿ. ಕಟ್ ಆದಾಗ ಗೋಡೆ ಒಣಗುತ್ತದೆ, ಮತ್ತೆ ಒತ್ತಿದಾಗ ಬರುವ ಲೀನ್ ಬೇರೆಯದೇ ಕತೆ. ಲಾಗ್ ವೇಗ ಸಾಧ್ಯವಾದಷ್ಟು ಏರಿಸಿ. ಸೆಕೆಂಡಿಗೆ 15 ಸಾಲು ಬರೆಯುವ ಲಾಗ್‌ನಲ್ಲಿ 200 ಮಿಲಿಸೆಕೆಂಡಿನ ಘಟನೆ ಮೂರೇ ಚುಕ್ಕಿ.

ವೈಡ್‌ಬ್ಯಾಂಡ್ ತಡವಾಗಿ ಮಾತಾಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಲಾಗ್ ಓದಿದರೆ ಎಲ್ಲವೂ ತಲೆಕೆಳಗು. ಹೊಗೆ ಸಿಲಿಂಡರಿನಿಂದ ಸೆನ್ಸರಿಗೆ ಬರಲು ಸಮಯ ಬೇಕು. ಐಡ್ಲಿಂಗ್‌ನಲ್ಲಿ ಅದು ಕಾಲು ಸೆಕೆಂಡನ್ನೂ ಮೀರಬಹುದು, ಹೆಚ್ಚು ಲೋಡಿನಲ್ಲಿ ತುಂಬ ಕಡಿಮೆ. ನಿಮ್ಮ ಗಾಡಿಯದ್ದನ್ನು ಅಳೆಯಲು ಒಮ್ಮೆ ಮಾತ್ರ ಫ್ಯೂಯಲ್ ಕಟ್ ಆನ್ ಮಾಡಿ ಪೆಡಲ್ ಬಿಡಿ. ಇಂಜೆಕ್ಟರ್ ಸಮಯ ಸೊನ್ನೆಯಾದ ಸಾಲಿನಿಂದ ಲ್ಯಾಂಬ್ಡಾ ಏರಲು ತೊಡಗಿದ ಸಾಲಿನವರೆಗೆ ಎಷ್ಟು ಮಿಲಿಸೆಕೆಂಡ್ ಎಂದು ಎಣಿಸಿ. ಅದನ್ನು ಬರೆದಿಟ್ಟುಕೊಂಡು, ಮುಂದಿನ ಪ್ರತಿ ಲಾಗ್‌ನಲ್ಲಿ ಲ್ಯಾಂಬ್ಡಾ ಗೆರೆಯನ್ನು ಅಷ್ಟು ಹಿಂದಕ್ಕೆ ಸರಿಸಿ ಓದಿ.

ಪರೀಕ್ಷೆ ಎರಡನೇ ಅಥವಾ ಮೂರನೇ ಗೇರಿನಲ್ಲಿ, 2000 ಆರ್‌ಪಿಎಂ ಸ್ಥಿರವಾಗಿ ಹಿಡಿದು. ಪೆಡಲ್ 10ರಿಂದ 40 ಪ್ರತಿಶತಕ್ಕೆ: ಒಮ್ಮೆ ಒಂದು ಸೆಕೆಂಡ್ ತೆಗೆದುಕೊಂಡು, ಒಮ್ಮೆ 0.3 ಸೆಕೆಂಡಿನಲ್ಲಿ, ಒಮ್ಮೆ ಝಾಡಿಸಿ. ಮೊದಲನೆಯದು ಸೆಕೆಂಡಿಗೆ 30 ಪ್ರತಿಶತ, ಎರಡನೆಯದು 100. ಸೊನ್ನೆಯಿಂದ ಪೂರ್ತಿ 0.2 ಸೆಕೆಂಡಿನಲ್ಲಿ ಒತ್ತಿದರೆ 500. ಆಕ್ಸೆಲರೇಷನ್ ಎನ್‌ರಿಚ್‌ಮೆಂಟ್ ಟೇಬಲ್ಲಿನ ಅಡ್ಡಸಾಲು ಈ ಅಂಕಿಗಳ ಸುತ್ತ ಇರಲಿ. ನ್ಯೂಟ್ರಲ್‌ನಲ್ಲಿ ನಿಂತು ಬುರ್‌ಬುರ್ ಎಂದು ರೇಸ್ ಕೊಟ್ಟು ಟ್ಯೂನ್ ಮಾಡುವ ಚಟ ಬಿಡಿ: ಲೋಡ್ ಇಲ್ಲದೆ ಆರ್‌ಪಿಎಂ ಹಾರುತ್ತದೆ, ಮ್ಯಾಪ್ ಕ್ಷಣದಲ್ಲಿ ಮತ್ತೆ ಕೆಳಗಿಳಿಯುತ್ತದೆ. ಅಲ್ಲಿ ಚೆಂದ ಕೇಳಿಸಿದ ಸೆಟ್ಟಿಂಗ್ ಗೇರಿನಲ್ಲಿ ಲೀನ್ ಆಗುವುದೇ ಹೆಚ್ಚು.

ಕಾಲರೇಖೆ ಏನು ಹೇಳುತ್ತದೆ

ಮೊದಲು ಥ್ರಾಟಲ್ ಗೆರೆ ಮತ್ತು ಮ್ಯಾಪ್ ಗೆರೆಯ ನಡುವಿನ ಅಂತರ ನೋಡಿ. ಥ್ರಾಟಲ್ ಏರಿ 100 ಮಿಲಿಸೆಕೆಂಡ್ ಕಳೆದ ಮೇಲೆ ಮ್ಯಾಪ್ ಏಳುತ್ತಿದ್ದರೆ ಹೋಸ್ ಉದ್ದವಾಗಿದೆ ಅಥವಾ ಸಾಫ್ಟ್‌ವೇರಿನ ಮ್ಯಾಪ್ ಫಿಲ್ಟರ್ ಅತಿಯಾಗಿದೆ. ಅಷ್ಟು ಹೊತ್ತು ಇಸಿಯು ಹಳೆ ಚೌಕದ ಪೆಟ್ರೋಲನ್ನೇ ಕೊಡುತ್ತಿರುತ್ತದೆ, ಟೈಮಿಂಗ್ ಕೂಡ ಹಗುರ ಲೋಡಿನದೇ ಇರುತ್ತದೆ. ಒತ್ತಿದ ಕ್ಷಣ ಕಿಟಿಕಿಟಿ ನಾಕಿಂಗ್ ಕೇಳಿಸಿದರೆ ಅನುಮಾನ ಇನ್ನೂ ಗಟ್ಟಿ.

ಆ ಅಂತರ ಸರಿಯಿದ್ದು, ಒತ್ತಿದ ತಕ್ಷಣವೇ ಲ್ಯಾಂಬ್ಡಾ 1.1 ದಾಟಿ, ಆಮೇಲೆ ತಾನೇ ಸರಿಹೋದರೆ ಕೊಡುವ ಪ್ರಮಾಣ ಸಾಲದು. ಎನ್‌ರಿಚ್‌ಮೆಂಟ್ ಟೇಬಲ್ಲಿನಲ್ಲಿ ಪೆಡಲಿನ ಆ ವೇಗದ ಚೌಕವನ್ನು ಮಾತ್ರ ಒಂದು ಸಲಕ್ಕೆ 10 ಪ್ರತಿಶತ ಏರಿಸಿ. ತಕ್ಷಣ ಸರಿಯಿದ್ದು, 200-300 ಮಿಲಿಸೆಕೆಂಡಿನ ನಂತರ ಲೀನ್ ಆದರೆ ಪ್ರಮಾಣ ಸರಿ, ಅವಧಿ ಗಿಡ್ಡ. ಮೊದಲು ಲೀನ್ ಆಗಿ ಆಮೇಲೆ 0.75ಕ್ಕೆ ಬಿದ್ದು ಗೊರಗೊರ ಎಂದರೆ ಪ್ರಮಾಣ ಕಡಿಮೆ, ಅವಧಿ ಉದ್ದ. ಎರಡನ್ನೂ ಎದುರು ದಿಕ್ಕಿಗೆ ತಿರುಗಿಸಬೇಕು. ಇದೊಂದೇ ಲಕ್ಷಣಕ್ಕೆ ಜನ ಹೆಚ್ಚು ದಿನ ಒದ್ದಾಡುವುದು, ಯಾಕೆಂದರೆ ಪ್ರಮಾಣ ಏರಿಸಿದರೆ ಗೊರಗೊರ ಹೆಚ್ಚುತ್ತದೆ, ಇಳಿಸಿದರೆ ಮುಗ್ಗರಿಸುವುದು ಹೆಚ್ಚುತ್ತದೆ. ಒಂದು ಸೆಕೆಂಡ್ ಕಳೆದ ಮೇಲೂ ತಪ್ಪು ಮುಂದುವರಿದಿದ್ದರೆ ಅದು ಎನ್‌ರಿಚ್‌ಮೆಂಟೇ ಅಲ್ಲ, ವಿಇ ಟೇಬಲ್. ಒತ್ತುವಾಗ 0.85ರಿಂದ 0.95ರ ನಡುವೆ ಒಮ್ಮೆ ತಗ್ಗಿ ಗುರಿಗೆ ಮರಳಿದರೆ ಅಲ್ಲಿಗೆ ಕೈಬಿಡಿ. ಗೆರೆ ಮಟ್ಟಸವಾಗಲಿ ಎಂದು ಕೂತರೆ ಇಂಜಿನ್ನಿಗಾಗುವ ಲಾಭವೇನಿಲ್ಲ.

ಲ್ಯಾಂಬ್ಡಾ ಎಲ್ಲ ಸರಿಯಿದ್ದೂ ಮುಗ್ಗರಿಸಿದರೆ ಪ್ಲಗ್ ಗ್ಯಾಪ್, ಕಾಯಿಲ್ ಡ್ವೆಲ್ (ಕಿಡಿಗೆ ಮೊದಲು ಕಾಯಿಲ್ ಚಾರ್ಜ್ ಆಗುವ ಸಮಯ), ಐಡ್ಲಿಂಗ್ ಚೌಕದಿಂದ ಪಕ್ಕದ ಚೌಕಕ್ಕೆ ಟೈಮಿಂಗ್ ಎಗರುವುದು, ಇಂಜಿನ್ ಮೌಂಟ್ ಇವುಗಳ ಕಡೆ ತಿರುಗಿ.

ಅವಧಿಯ ವಿಷಯದಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ. 900 ಆರ್‌ಪಿಎಂನಲ್ಲಿ ನಾಲ್ಕು ಸ್ಟ್ರೋಕಿನ ಒಂದು ಸುತ್ತಿಗೆ 133 ಮಿಲಿಸೆಕೆಂಡ್. ಪ್ರತಿ ಸಿಲಿಂಡರಿಗೆ ಸುತ್ತಿಗೊಮ್ಮೆ ಚಿಮ್ಮಿಸುವ ಸೀಕ್ವೆನ್ಷಿಯಲ್ ಇಂಜೆಕ್ಷನ್ನಿನಲ್ಲಿ 200 ಮಿಲಿಸೆಕೆಂಡಿನ ಎನ್‌ರಿಚ್‌ಮೆಂಟ್ ಒಂದು ಸಿಲಿಂಡರಿಗೆ ಸಿಗುವುದು ಒಂದು ಅಥವಾ ಎರಡು ಸಲ. 4500ರಲ್ಲಿ ಅದೇ ಅವಧಿಯೊಳಗೆ ಏಳೆಂಟು ಸಲ. ಕೆಳಗೆ ಹಿತವಾದದ್ದು ಮೇಲೆ ಕಪ್ಪು ಹೊಗೆಯಾಗುವುದು ಇದರಿಂದ. ಆರ್‌ಪಿಎಂ ಏರಿದಂತೆ ಎನ್‌ರಿಚ್‌ಮೆಂಟ್ ಇಳಿಸುವ ಟೇಪರ್ ಇರುವುದು ಇದಕ್ಕಾಗಿಯೇ. 2000ದಿಂದ ಇಳಿಯತೊಡಗಿ 5000ಕ್ಕೆ ಸೊನ್ನೆಯಾಗುವಂತೆ ಶುರುಮಾಡಿ ಲಾಗ್ ನೋಡಿ ತಿದ್ದಿ.

ಥ್ರೆಷೋಲ್ಡ್ ಮತ್ತು ದೆವ್ವದ ಎನ್‌ರಿಚ್‌ಮೆಂಟ್

ಪೆಡಲ್ ಮುಟ್ಟದೆ ಐಡ್ಲಿಂಗ್ ಏರಿಳಿದು, ಆಗಾಗ ರಿಚ್ ಆಗುತ್ತಿದ್ದರೆ ಥ್ರಾಟಲ್ ಸೆನ್ಸರಿನ ಕಂಪನವೇ ಎನ್‌ರಿಚ್‌ಮೆಂಟನ್ನು ಎಬ್ಬಿಸುತ್ತಿರಬಹುದು. ಇಂಜಿನ್ ಓಡುತ್ತಿರಲಿ, ಪೆಡಲ್ ಬಿಟ್ಟು ಅರ್ಧ ನಿಮಿಷ ಲಾಗ್ ಮಾಡಿ ಥ್ರಾಟಲ್ ವೇಗದ ಗೆರೆ ನೋಡಿ. ಅದು ಸೆಕೆಂಡಿಗೆ 15 ಪ್ರತಿಶತದವರೆಗೆ ಎಗರುತ್ತಿದ್ದರೆ ಎನ್‌ರಿಚ್‌ಮೆಂಟ್ ಶುರುವಾಗುವ ಮಿತಿ, ಅಂದರೆ ಥ್ರೆಷೋಲ್ಡ್, ಅದರ ಎರಡು ಮೂರು ಪಟ್ಟು, ಅಂದರೆ 30ರಿಂದ 45 ಇರಲಿ. 100ಕ್ಕೆ ಏರಿಸಿಯೇ ನಿಲ್ಲಬೇಕಾದರೆ ಸೆಟ್ಟಿಂಗ್ ಬಿಟ್ಟು ವೈರ್ ಹಿಡಿಯಿರಿ: ಸೆನ್ಸರಿನ ಅರ್ತ್ ಇಂಜಿನ್ ಬ್ಲಾಕಿಗಲ್ಲ, ಇಸಿಯುನ ಸೆನ್ಸರ್ ಅರ್ತಿಗೇ ಹೋಗಬೇಕು, ವೈರ್ ಇಗ್ನಿಷನ್ ಕಾಯಿಲಿನ ವೈರಿನ ಜೊತೆ ಕಟ್ಟಿರಬಾರದು. ಕೀ ಆನ್ ಮಾಡಿ, ಇಂಜಿನ್ ಓಡಿಸದೆ, ಪೆಡಲ್ ನಿಧಾನ ಒತ್ತುತ್ತ ಸೆನ್ಸರ್ ವೋಲ್ಟೇಜ್ ನೋಡಿ. ಅರ್ಧ ವೋಲ್ಟಿನ ಸುತ್ತಿನಿಂದ ನಾಲ್ಕೂವರೆಯ ಸುತ್ತಿನವರೆಗೆ ಎಲ್ಲೂ ಹಾರದೆ ಏರಬೇಕು. ಹಳೆ ಸೆನ್ಸರ್ ಸವೆಯುವುದು ಹೆಚ್ಚು ಬಳಕೆಯಾಗುವ ಮೊದಲ ಕಾಲು ಭಾಗದಲ್ಲಿ. ತೊಂದರೆ ಕಾಣುವುದೂ ಅಲ್ಲೇ.

ತಣ್ಣನೆ ಇಂಜಿನ್

ಇಲ್ಲಿ ಕೆಲಸ ನಿಧಾನ, ಯಾಕೆಂದರೆ ದಿನಕ್ಕೆ ಒಂದೇ ಅವಕಾಶ. ಗಾಡಿ ರಾತ್ರಿಯಿಡೀ ತಣಿಯಬೇಕು. ಸ್ಟಾರ್ಟ್ ಮಾಡುವಾಗಿನ ಪೆಟ್ರೋಲ್, ಸ್ಟಾರ್ಟ್ ಆದ ಮೊದಲ ಹತ್ತಿಪ್ಪತ್ತು ಸೆಕೆಂಡಿನ ಆಫ್ಟರ್‌ಸ್ಟಾರ್ಟ್, ಬಿಸಿಯಾಗುವವರೆಗಿನ ವಾರ್ಮಪ್ ಮೂರೂ ಬೇರೆ ಬೇರೆ. ಹತ್ತಿಕೊಂಡು ಎರಡು ಸೆಕೆಂಡಿನಲ್ಲಿ ಸತ್ತರೆ ಆಫ್ಟರ್‌ಸ್ಟಾರ್ಟ್ ಸಾಲದು. 20 ಸೆಕೆಂಡ್ ಚೆನ್ನಾಗಿ ಓಡಿ ಆಮೇಲೆ ಕುಂಟಿದರೆ ವಾರ್ಮಪ್ ಸಾಲದು. ಹತ್ತಿಕೊಳ್ಳುವುದೇ ಇಲ್ಲ, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಬರುತ್ತಿದೆ ಎಂದರೆ ಪ್ಲಗ್ ನೆನೆದಿದೆ. ಪೆಡಲ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ, ಇಸಿಯುನ ಫ್ಲಡ್ ಕ್ಲಿಯರ್ ಸೆಟ್ಟಿಂಗ್ ಪೆಟ್ರೋಲ್ ನಿಲ್ಲಿಸುತ್ತದೆ.

20 ಡಿಗ್ರಿಯ ಬೆಳಗಿಗೆ ವಾರ್ಮಪ್ 125-130, ಆಫ್ಟರ್‌ಸ್ಟಾರ್ಟ್ ಅದರ ಮೇಲೆ 25-30 ಪ್ರತಿಶತ ಎಂದು ಶುರುಮಾಡಬಹುದು. ಎಥನಾಲ್ ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗೂ ಮಿಗಿಲಾದ ಶಾಖ ಕೇಳುತ್ತದೆ, ಆದ್ದರಿಂದ ಹಳೆ ಅಂಕಿಗಳಿಗಿಂತ ಸ್ವಲ್ಪ ಮೇಲೇ ಬೇಕಾಗುತ್ತದೆ. ಬಿಸಿಯಾಗುತ್ತ ಹೋದಂತೆ 30, 45, 60 ಡಿಗ್ರಿಗಳಲ್ಲಿ ಲ್ಯಾಂಬ್ಡಾ ನೋಡಿ ಆಯಾ ಬಿಂದುವನ್ನು ಮಾತ್ರ ತಿದ್ದಿ. ನಮ್ಮಲ್ಲಿ ಬರದ ಸೊನ್ನೆಯ ಕೆಳಗಿನ ಬಿಂದುಗಳನ್ನು ಅದೇ ಇಳಿಜಾರಿನಲ್ಲಿ ಎಳೆದು ಬಿಡಿ, ಸಾಕು. ತಣ್ಣಗಿರುವಾಗಿನ ಆಕ್ಸೆಲ್ ಗುಣಕ ಕೊನೆಯ ಕೆಲಸ: ಬಿಸಿಯಲ್ಲಿ ಸರಿಯಿದ್ದದ್ದು 30 ಡಿಗ್ರಿಯಲ್ಲಿ ಮುಗ್ಗರಿಸಿದರೆ ಗುಣಕವನ್ನು ಮಾತ್ರ ಏರಿಸಿ, ಮೂಲ ಟೇಬಲ್ ಮುಟ್ಟಬೇಡಿ.

ಬಿಸಿ ಇಂಜಿನ್, ಹತ್ತು ನಿಮಿಷದ ಕಾಫಿ

ಬಿಸಿಯಾಗಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷ ಕುಂಟಿ ಆಮೇಲೆ ಸರಿಹೋದರೆ ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ನೋಡಿ. ಅದು ಮ್ಯಾನಿಫೋಲ್ಡಿಗೆ ಕಚ್ಚಿಕೊಂಡಿದ್ದರೆ ಲೋಹದ ಶಾಖ ಹೀರಿ 70 ಡಿಗ್ರಿ ಎನ್ನುತ್ತದೆ, ನಿಜವಾದ ಗಾಳಿ 40 ಇರುತ್ತದೆ. ಗಾಳಿ ತೆಳ್ಳಗಿದೆ ಎಂದು ನಂಬಿದ ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಸೆನ್ಸರನ್ನು ಏರ್ ಫಿಲ್ಟರ್ ಪೈಪಿಗೆ ಸರಿಸುವುದೇ ಸರಿಯಾದ ಮದ್ದು. ಆಗದಿದ್ದರೆ 60 ಡಿಗ್ರಿಯ ಮೇಲಿನ ತಿದ್ದುಪಡಿಯನ್ನು ಮೃದುಗೊಳಿಸಿ, ನೀರಿನ ಬಿಸಿ 90 ಡಿಗ್ರಿ ಇರುವಲ್ಲಿ ಐದು ಪ್ರತಿಶತದ ಸಣ್ಣ ಆಫ್ಟರ್‌ಸ್ಟಾರ್ಟ್ ಇಡಿ.

ಘಟ್ಟ ಇಳಿದ ಮೇಲೆ

ಬೆಂಗಳೂರಿನಲ್ಲಿ, ಸುಮಾರು 920 ಮೀಟರ್ ಎತ್ತರದಲ್ಲಿ ಟ್ಯೂನ್ ಆದ ಗಾಡಿ ಶಿರಾಡಿ ಇಳಿದು ಮಂಗಳೂರು ಸೇರಿದರೆ ಪೂರ್ತಿ ಪೆಡಲಿನಲ್ಲಿ 101 ಕಿಲೋಪಾಸ್ಕಲ್ ಮುಟ್ಟುತ್ತದೆ. ಟೇಬಲ್ಲಿನ 95, 100ರ ಸಾಲುಗಳನ್ನು ಬೆಂಗಳೂರಿನಲ್ಲಿ ಆ ಇಂಜಿನ್ ಮುಟ್ಟಿಯೇ ಇಲ್ಲ. ಅಲ್ಲಿ ಇರುವುದು ಊಹೆ. ಝಾಡಿಸಿ ಒತ್ತಿದಾಗ ಲೀನ್ ಆದರೆ ಎನ್‌ರಿಚ್‌ಮೆಂಟ್ ದೂರಬೇಡಿ, ಆ ಎರಡು ಸಾಲು ತೆರೆದು ನೋಡಿ. 90ರ ಸಾಲಿನ ಅಂಕಿಗಳನ್ನೇ ಅಥವಾ ಒಂದೆರಡು ಅಂಕ ಹೆಚ್ಚು ಹಾಕಿ, ಕೆಳಗೆ ಲಾಗ್ ತೆಗೆದು ಸರಿಪಡಿಸಿ. ಮ್ಯಾಪ್ ಬಿಟ್ಟು ಥ್ರಾಟಲ್ ಕೋನದ ಮೇಲೆ ಓಡುವ ಸೆಟಪ್ಪಿನಲ್ಲಿ ಇಡೀ ಹತ್ತು ಪ್ರತಿಶತ ವ್ಯತ್ಯಾಸ ನೇರ ಕಾಣುತ್ತದೆ. ಅದಕ್ಕೆ ಹೊರಗಿನ ಗಾಳಿಯ ಒತ್ತಡ ಅಳೆಯುವ ಪ್ರತ್ಯೇಕ ಬ್ಯಾರೋ ಸೆನ್ಸರ್ ಬೇಕೇ ಬೇಕು. ಪ್ರತ್ಯೇಕ ಸೆನ್ಸರ್ ಇಲ್ಲದ ಇಸಿಯು ಹೊರಗಿನ ಒತ್ತಡವನ್ನು ಕೀ ಆನ್ ಮಾಡಿದಾಗ ಒಮ್ಮೆ ಓದಿಟ್ಟುಕೊಳ್ಳುತ್ತದೆ. ಸಕಲೇಶಪುರದಲ್ಲಿ ಸ್ಟಾರ್ಟ್ ಮಾಡಿ ಎಲ್ಲೂ ನಿಲ್ಲಿಸದೆ ಇಳಿದರೆ ಕಡಲ ಮಟ್ಟದಲ್ಲೂ ಅದರ ತಲೆಯಲ್ಲಿ ಸಕಲೇಶಪುರದ ಗಾಳಿಯೇ ಇರುತ್ತದೆ. ಕೆಳಗೆ ಒಮ್ಮೆ ಕೀ ಆಫ್ ಮಾಡಿ, ಇಂಜಿನ್ ಪೂರ್ತಿ ನಿಂತ ಮೇಲೆ ಮತ್ತೆ ಆನ್ ಮಾಡಿ, ಆಮೇಲೆ ಲಾಗ್ ತೆಗೆಯಿರಿ.